ಜಿಬಿ ನೋಡಿ ಡ್ರಮ್ ತಗೊಳ್ಳೋರೇ, ಸ್ವಲ್ಪ ನಿಲ್ಲಿ

(1/3)

ಈ ವಾರ ಬಂದ ಮೆಸೇಜ್‌ಗಳಲ್ಲಿ ಅರ್ಧಕ್ಕಿಂತ ಹೆಚ್ಚು ಒಂದೇ ಪ್ರಶ್ನೆ: "ಬ್ರೋ, ಯಾವ ಡ್ರಮ್ ಲೈಬ್ರರಿ ಬೆಸ್ಟು?" ಅದರ ಬೆನ್ನಿಗೇ ಇನ್ನೊಂದು: "ಎಷ್ಟು ಜಿಬಿ ಇದೆ?" ನೀವೇನು ಅಕ್ಕಿ ಮೂಟೆ ತಗೊಳ್ತಿದ್ದೀರಾ, ತೂಕ ಜಾಸ್ತಿ ಬಂದಷ್ಟೂ ಲಾಭ ಅನ್ನೋಕೆ?

ಹೀಗೆ ಬೈಯೋ ಹಕ್ಕು ನನಗಿದೆ. ಇದೇ ತಪ್ಪನ್ನ 9,000 ರೂಪಾಯಿ ಕೊಟ್ಟು ಮಾಡಿದವನು ನಾನು. ಸೆಕೆಂಡ್ ಇಯರ್ ಬಿಕಾಂನಲ್ಲಿ ಸಂಜೆ ಹೊತ್ತು ಒಂದು ಆಡಿಟರ್ ಆಫೀಸಲ್ಲಿ ಜಿಎಸ್‌ಟಿ ಬಿಲ್ ಎಂಟ್ರಿ ಮಾಡ್ತಿದ್ದೆ. ಮೂರು ತಿಂಗಳ ದುಡ್ಡು ಅದು. ಯಾವುದೋ ವಿಡಿಯೋದಲ್ಲಿ ಒಬ್ಬ ಸ್ನೇರ್ ಹೊಡೆದ, ನನ್ನ ಎದೆ ಅದುರ್ತು, ದುಡ್ಡು ಕಟ್ಟಿಬಿಟ್ಟೆ. ಅಷ್ಟೇ ನನ್ನ ಸಂಶೋಧನೆ. ರಾತ್ರಿ ಅಪ್ಪ ಕೇಳಿದ್ರು, "ಡ್ರಮ್ ತಗೊಂಡೆ ಅಂದ್ಯಲ್ಲ, ಎಲ್ಲಿಟ್ಟಿದ್ದೀಯ?" ಲ್ಯಾಪ್‌ಟಾಪ್ ತೋರಿಸಿದೆ. ಲ್ಯಾಪ್‌ಟಾಪನ್ನೂ ನೋಡಿದ್ರು, ನನ್ನನ್ನೂ ನೋಡಿದ್ರು, ಏನೂ ಅನ್ನದೆ ಊಟಕ್ಕೆ ಕೂತರು.

ಆಮೇಲೆ ಒಂದು ಕೆಲಸ ಬಂತು. ಗೆಳೆಯರ ಕಿರುಚಿತ್ರ, ತಾಯಿ ಮಗುನ ಮಲಗಿಸೋ ಸೀನು. ಲಾಲಿ ಹಾಡಿನ ಹಿಂದೆ ಮೆಲ್ಲಗೆ ಡ್ರಮ್ ಬೇಕು, ಬ್ರಷ್‌ನಲ್ಲಿ ಉಜ್ಜಿದ ಹಾಗೆ. ನನ್ನ ಲೈಬ್ರರಿಯಲ್ಲಿ ಬ್ರಷ್ಷೇ ಇರಲಿಲ್ಲ! ಹೆವಿ ಮೆಟಲ್‌ಗೆ ಅಂತ ರೆಕಾರ್ಡ್ ಮಾಡಿದ ಕಿಟ್ಟು. ಎಷ್ಟು ಮೆಲ್ಲಗೆ ಬಾರಿಸಿದ್ರೂ ಬಾಗಿಲು ಬಡಿದ ಹಾಗೆ. ಡೈರೆಕ್ಟರ್ ಹುಡುಗಿ ಹೆಡ್‌ಫೋನ್ ತೆಗೆದು, "ಮಗು ಎದ್ದುಬಿಡತ್ತೆ ಕಣೋ" ಅಂದ್ಲು. ಹಾಡು ಬೇರೆಯವರಿಗೆ ಹೋಯ್ತು.

ಮಾರಿಬಿಡೋಣ ಅಂತ ಷರತ್ತು ಓದಿದೆ. ನಾನು ಕೊಂಡಿದ್ದು ಡ್ರಮ್ ಅಲ್ಲ, ಬಳಸೋಕೆ ಅನುಮತಿ ಅಷ್ಟೇ. ಇನ್ನೊಬ್ಬರಿಗೆ ಕೊಡೋ ಹಾಗಿಲ್ಲ. ಕ್ಲಾಸಲ್ಲಿ ಸಂಕ್ ಕಾಸ್ಟ್ ಪಾಠ ಬಂದಾಗ ನನಗೊಬ್ಬನಿಗೆ ಉದಾಹರಣೆ ಬೇಕಾಗ್ಲಿಲ್ಲ.

(2/3)

ಈಗ ಜಿಬಿ ವಿಷಯ. ಒಂದು ಸ್ನೇರನ್ನ ಮೆಲ್ಲಗೆ, ಸ್ವಲ್ಪ ಜೋರಾಗಿ, ಇನ್ನೂ ಜೋರಾಗಿ ಹೊಡೆದು ಬೇರೆ ಬೇರೆ ರೆಕಾರ್ಡ್ ಮಾಡ್ತಾರೆ. ಅದು ವೆಲಾಸಿಟಿ ಲೇಯರ್. ಒಂದೇ ಜೋರಲ್ಲಿ ಮತ್ತೆ ಮತ್ತೆ ಹೊಡೆದು ಸರದಿ ಪ್ರಕಾರ ನುಡಿಸೋದು ರೌಂಡ್ ರಾಬಿನ್. ಇದಿಲ್ಲದಿದ್ರೆ ರೋಲ್ ಹಾಕಿದಾಗ ಮೆಷಿನ್ ಗನ್ ಸದ್ದು. ಇವೆರಡನ್ನೂ ಮೈಕ್‌ಗಳ ಸಂಖ್ಯೆಗೆ ಗುಣಿಸಿ. ಜಿಬಿ ಅಲ್ಲಿಂದ ಬರತ್ತೆ.

ಸುಪೀರಿಯರ್ ಡ್ರಮ್ಮರ್ 3 ತಗೊಳ್ಳಿ. 2017ರಲ್ಲಿ ಬಂದಿದ್ದು, 230 ಜಿಬಿಗೂ ಮೇಲೆ. ಬೆಲ್ಜಿಯಂನ ಗ್ಯಾಲಕ್ಸಿ ಸ್ಟುಡಿಯೋದಲ್ಲಿ ಜಾರ್ಜ್ ಮ್ಯಾಸನ್‌ಬರ್ಗ್ ಅಂಥವರು ರೆಕಾರ್ಡ್ ಮಾಡಿದ್ದು, ಸರೌಂಡ್ ಸೌಂಡ್‌ಗೆ ಬೇಕಾದ ಮೈಕ್‌ಗಳೂ ಸೇರಿ. ಥಿಯೇಟರ್‌ಗೆ ಮಿಕ್ಸ್ ಮಾಡೋರಿಗೆ ಅದು ಚಿನ್ನ, ಅದರ ಮೇಲೆ ನನಗೇನೂ ದ್ವೇಷ ಇಲ್ಲ. ಆದ್ರೆ ನೀವು ಮಿಕ್ಸ್ ಮಾಡ್ತಿರೋದು 30 ಸೆಕೆಂಡ್ ರೀಲಿಗೆ, ಕೇಳೋರು ಬಸ್ಸಲ್ಲಿ ಕೂತು ಫೋನ್ ಸ್ಪೀಕರಲ್ಲಿ ಕೇಳ್ತಾರೆ. 256 ಜಿಬಿ ಲ್ಯಾಪ್‌ಟಾಪಲ್ಲಿ ಅದನ್ನ ಪೂರ್ತಿ ತುಂಬಿದ್ರೆ ಹಾಡು ಎಲ್ಲಿಡ್ತೀರಾ, ತಲೆ ಮೇಲಾ?

ಇನ್ನೊಂದು ತುದಿ ನೋಡಿ. 1980ರಲ್ಲಿ ರೋಜರ್ ಲಿನ್ ಮಾಡಿದ ಎಲ್ಎಂ-1. ನಿಜವಾದ ಡ್ರಮ್ ಸದ್ದನ್ನ ಚಿಪ್ಪಲ್ಲಿ ಇಟ್ಟ ಮೊದಲ ಡ್ರಮ್ ಮೆಷಿನ್. 8-ಬಿಟ್ ಸದ್ದು, ಕ್ರ್ಯಾಶ್ ಸಿಂಬಲ್ಲೇ ಇಲ್ಲ. ಅದರ ಸದ್ದುಗಳ ಶ್ರುತಿ ಇಳಿಸಿ ಏರಿಸಿ ಪ್ರಿನ್ಸ್ 1984ರಲ್ಲಿ 'ವೆನ್ ಡವ್ಸ್ ಕ್ರೈ' ಮಾಡಿದ. ಅವನ ಜಾಗದಲ್ಲಿ ನಾವಿದ್ದಿದ್ರೆ "ಜಿಬಿ ಕಮ್ಮಿ ಆಯ್ತು" ಅಂತ ಕೈ ಕಟ್ಟಿ ಕೂರ್ತಿದ್ವಿ.

ಹಾಗಂತ ಚಿಕ್ಕದೇ ಒಳ್ಳೇದು ಅಂತ ನಾನು ಹೇಳ್ತಿಲ್ಲ. ಯಂತ್ರದ ಸದ್ದು ಯಂತ್ರದ ಹಾಗೇ ಕೇಳ್ಬೇಕು ಅಂದ್ರೆ ಒಂದು ಸ್ಯಾಂಪಲ್ ಸಾಕು. ಮನುಷ್ಯ ಕೂತು ಬಾರಿಸ್ತಿದ್ದಾನೆ ಅಂತ ನಂಬಿಸ್ಬೇಕು ಅಂದ್ರೆ ಮೆಲ್ಲಗಿನ ಪೆಟ್ಟುಗಳು ಚೆನ್ನಾಗಿರಲೇಬೇಕು. ಮೆಲ್ಲಗಿನವು! ಡೆಮೋ ವಿಡಿಯೋಗಳಲ್ಲಿ ಎಲ್ಲರೂ ಜೋರಾಗೇ ಬಾರಿಸ್ತಾರೆ. ಅಲ್ಲೇ ನಾನು ಬಿದ್ದಿದ್ದು.

(3/3)

"ಅಷ್ಟೆಲ್ಲಾ ಯಾಕೆ ಗುರು, ಕ್ರ್ಯಾಕ್ ಸಿಗತ್ತಲ್ಲ?" ಈ ಮಾತಿಗೇ ನನಗೆ ಜಾಸ್ತಿ ಸಿಟ್ಟು. ನನ್ನ ಇದೇ ಲ್ಯಾಪ್‌ಟಾಪಲ್ಲಿ ಯಾರ್ಯಾರದೋ ಅಂಗಡಿ ಲೆಕ್ಕ, ಪ್ಯಾನ್ ನಂಬರ್ ಇರ್ತಿತ್ತು. ಗೊತ್ತಿಲ್ಲದವನು ಕೊಟ್ಟ ಫೈಲನ್ನ, ಅದೂ ಆಂಟಿವೈರಸ್ ಆಫ್ ಮಾಡಿ ಓಡಿಸಿ ಅಂತ ಅವನೇ ಹೇಳೋ ಫೈಲನ್ನ, ಒಂದು ಸ್ನೇರ್ ಆಸೆಗೆ ಓಡಿಸ್ಲಾ? ನಿಮ್ಮ ಬೀಟ್ ಯಾರೋ ಕದ್ದರು ಅಂತ ಸ್ಟೋರಿ ಹಾಕಿ ಅಳೋರೂ ನೀವೇ, ಮರೀಬೇಡಿ.

ಕದಿಯೋ ಅಗತ್ಯವೂ ಇಲ್ಲ. ಎಂಟಿ ಪವರ್ ಡ್ರಮ್ ಕಿಟ್ 2 ಉಚಿತ. ಒಂದೇ ಕಿಟ್ಟು, ಆದ್ರೆ ಮೊದಲೇ ಹದ ಮಾಡಿಟ್ಟ ಸದ್ದು, ರಾಕ್ ಹಾಡಲ್ಲಿ ಕೂತ್ಕೊಳ್ಳತ್ತೆ. ಸ್ಟೀವನ್ ಸ್ಲೇಟ್ ಡ್ರಮ್ಸ್ 5ಕ್ಕೂ ಒಂದು ಕಿಟ್ಟಿನ ಉಚಿತ ಆವೃತ್ತಿ ಇದೆ. ಮೈಕ್ ಮೈಕನ್ನೂ ಬೇರೆ ಮಾಡಿ ಮಿಕ್ಸಿಂಗ್ ಕಲೀಬೇಕು ಅನ್ನೋರು ಡ್ರಮ್‌ಗಿಜ್ಮೋ ನೋಡಿ, ಅದು ಓಪನ್ ಸೋರ್ಸ್. ಇವುಗಳಲ್ಲಿ ಹತ್ತು ಹಾಡು ಮುಗಿಸಿ. ಆಗ ನಿಮಗೆ ಏನು ಕಮ್ಮಿ ಬಿತ್ತು ಅಂತ ನಿಮಗೇ ಗೊತ್ತಾಗತ್ತೆ. ಕಮ್ಮಿ ಬಿದ್ದಿದ್ದನ್ನ ಮಾತ್ರ ಕೊಳ್ಳಿ. ಬ್ರಷ್ ಬೇಕಾ? ಅಡಿಕ್ಟಿವ್ ಡ್ರಮ್ಸ್ 2ಕ್ಕೆ ಜಾಝ್ ಬ್ರಷ್‌ದೇ ಬೇರೆ ಪ್ಯಾಕ್ ಇದೆ.

ಕೊಳ್ಳೋ ಮೊದಲು ಟ್ರಯಲ್ ಇದ್ರೆ ಹಾಕಿ, ನಿಮ್ಮದೇ ಹಾಡಿನ ಮಿಡಿ ಫೈಲ್ ಅದರಲ್ಲಿ ಓಡಿಸಿ. ಅವರ ರೆಡಿಮೇಡ್ ಬೀಟ್ ಬೇಡ. ಸ್ನೇರನ್ನ ವೆಲಾಸಿಟಿ 30ರಲ್ಲಿ ಹದಿನಾರು ಸಲ ಹೊಡೆಸಿ, ಕಣ್ಣು ಮುಚ್ಚಿ ಕೇಳಿ. ಸದ್ದು ಮೆಲ್ಲಗಾಗಿದ್ಯಾ, ಅಥವಾ ಜೋರಾಗಿ ಹೊಡೆದಿದ್ದರ ವಾಲ್ಯೂಮ್ ಇಳಿಸಿದ್ದಾರಾ? ಎರಡೂ ಬೇರೆ. ಒಂದ್ಸಲ ಕಿವಿಗೆ ಗೊತ್ತಾದ್ರೆ ಆಮೇಲೆ ಯಾರೂ ನಿಮಗೆ ಟೋಪಿ ಹಾಕೋಕಾಗಲ್ಲ.

ಮತ್ತೆ ಜಾತ್ರೆ ಸೀನಿಗೆ ಟಾಮ್ ಡ್ರಮ್ ಹಾಕಿ "ತಮಟೆ ಫೀಲ್" ಅನ್ನೋರಿಗೆ ಕೈ ಮುಗೀತೀನಿ. ತಮಟೆಯನ್ನ ಬೆಂಕಿಗೆ ಹಿಡಿದು ಕಾಯಿಸಿ ಬಾರಿಸ್ತಾರೆ, ಚರ್ಮ ತಣ್ಣಗಾಗ್ತಾ ಸದ್ದು ಬದಲಾಗತ್ತೆ. ಬಾರಿಸೋರು ನಿಮ್ಮೂರಲ್ಲೇ ಇದ್ದಾರೆ. ಕರೆದು, ದುಡ್ಡು ಕೊಟ್ಟು, ರೆಕಾರ್ಡ್ ಮಾಡ್ಕೊಳ್ಳಿ. ನನ್ನ 9,000 ಅಲ್ಲಿಗೆ ಹೋಗಿದ್ರೆ ಅಪ್ಪನಿಗೂ ಅರ್ಥ ಆಗ್ತಿತ್ತು.

ಅಂದ ಹಾಗೆ ಆ ಲಾಲಿ ಹಾಡನ್ನ ಮೊನ್ನೆ ಮತ್ತೆ ಮಾಡ್ದೆ, ಯಾರೂ ಕೇಳದಿದ್ರೂ. ಬ್ರಷ್ ಬದಲು ಹಳೇ ನ್ಯೂಸ್ ಪೇಪರ್ ಮೇಲೆ ಅಂಗೈ ಉಜ್ಜಿ ಫೋನಲ್ಲಿ ರೆಕಾರ್ಡ್ ಮಾಡಿದ್ದು. ನಡುವೆ ಒಂದು ಕಡೆ ಅಮ್ಮನ ಕುಕ್ಕರ್ ಕೂಗತ್ತೆ, ತೆಗೆಯೋಕೆ ಆಗ್ಲಿಲ್ಲ. ಕಾಸ್ಟಿಂಗ್ ಇಂಟರ್ನಲ್ಸ್ ಮುಗಿದ ಮೇಲೆ ಹಾಕ್ತೀನಿ.