ಬೋರ್ಡೂ ಬೇಕು, ವಹಿಯೂ ಬೇಕು



ಗ್ರಾಂಟ್ ರೋಡ್ ಸ್ಟೇಶನ್ನಿನಲ್ಲಿ ಪೂರ್ವಕ್ಕೆ ಇಳಿದು ನಾಲ್ಕು ಹೆಜ್ಜೆ ನಡೆದರೆ ಲ್ಯಾಮಿಂಗ್ಟನ್ ರೋಡು. ಕಂಪ್ಯೂಟರು, ಅದರ ಬಿಡಿಭಾಗ, ವಯರು, ಕ್ಯಾಮೆರಾ ಬೇಕೆಂದರೆ ಇಡೀ ಮುಂಬಯಿ ಇಲ್ಲಿಗೇ ಬರುತ್ತದೆ. ಆ ಅಂಗಡಿಗಳಿಗೆ ಬೆಳಗಿನಿಂದ ಸಂಜೆಯತನಕ ಚಹಾ ಒಯ್ಯುವವರು ನಮ್ಮಂಥ ಹೋಟೆಲು ಹುಡುಗರು. ಲೋಟ ಇಟ್ಟು, ಖಾಲಿ ಲೋಟ ಎತ್ತಿಕೊಂಡು ಬರುತ್ತೇವೆ. ಆ ಯಂತ್ರಗಳಿಂದ ನಮ್ಮ ಹೋಟೆಲಿಗೆ ಏನು ಪ್ರಯೋಜನವೆಂದು ನಿಂತು ಕೇಳಿದವರು ಕಡಿಮೆ.

"ಹೋಟೆಲಿನ ಪ್ರಚಾರ ಧಣಿಗಳ ತಲೆನೋವು, ನಮಗೆ ತಿಂಗಳ ಪಗಾರ ಸಿಕ್ಕಿದರೆ ಸಾಕು" ಎಂದು ನಮ್ಮಲ್ಲಿ ಅನೇಕರು ಹೇಳುತ್ತಾರೆ. ನಾನೂ ಹಾಗೆಯೇ ಹೇಳುತ್ತಿದ್ದವನು. 2020ರಲ್ಲಿ ಬುದ್ಧಿ ಬಂತು.

ಆಗ ನಾನು ಇದೇ ಪರಿಸರದ ಒಂದು ಹೋಟೆಲಿನಲ್ಲಿ ಸಪ್ಲಾಯರನಾಗಿದ್ದೆ. ನಾನಾ ಚೌಕ, ಗಾಂವ್‌ದೇವಿ, ತಾಡದೇವದ ಸಂಸಾರಸ್ಥರು ಆದಿತ್ಯವಾರ ಮಕ್ಕಳೊಡನೆ ತಿಂಡಿಗೆ ಬರುತ್ತಿದ್ದರು. ಯಾರಿಗೆ ಸಾಂಬಾರು ಬೇರೆ ಬಟ್ಟಲಲ್ಲಿ ಬೇಕು, ಯಾರಿಗೆ ಸೋಮವಾರ ಉಪವಾಸ, ಯಾರ ಕಾಫಿಗೆ ಸಕ್ಕರೆ ಬೇಡ, ಎಲ್ಲವೂ ನನ್ನ ತಲೆಯಲ್ಲಿತ್ತು. ಅವರ ಹೆಸರು, ವಿಳಾಸ ಮಾತ್ರ ಗೊತ್ತಿರಲಿಲ್ಲ. ಧಣಿಗಳ ಮಗ ಫೇಸ್‌ಬುಕ್ಕಿನಲ್ಲಿ ಹೋಟೆಲಿನ ಹೆಸರಿನಲ್ಲಿ ಒಂದು ಪುಟ ತೆರೆದಿದ್ದ. ಮಸಾಲೆ ದೋಸೆಯ ಚಿತ್ರ ಹಾಕಿದರೆ ಸಾವಿರಗಟ್ಟಲೆ ಮೆಚ್ಚುಗೆ ಬರುತ್ತಿತ್ತು. ಅದನ್ನು ನೋಡಿ ನಾವೆಲ್ಲ ಹಿಗ್ಗುತ್ತಿದ್ದೆವು.

ಮಾರ್ಚ್ ತಿಂಗಳಲ್ಲಿ ಲಾಕ್‌ಡೌನ್ ಬಂತು. ಕೆಲವರು ಊರಿಗೆ ಹೋದರು, ಕೆಲವರು ಹೋಟೆಲಿನ ಮಾಳಿಗೆಯಲ್ಲೇ ಉಳಿದೆವು. ಪಾರ್ಸೆಲಿಗೆ ಅಪ್ಪಣೆ ಸಿಕ್ಕಿದಾಗ ಭಟ್ಟರೂ ನಾವು ನಾಲ್ವರೂ ಸೇರಿ ಒಲೆ ಹೊತ್ತಿಸಿದೆವು. "ಊಟ ಮನೆಗೆ ತಲುಪಿಸುತ್ತೇವೆ" ಎಂದು ಪುಟದಲ್ಲಿ ಹಾಕಿದ್ದಾಯಿತು. ಪುಣೆ, ಬೆಂಗಳೂರುಗಳಿಂದ ಮೆಚ್ಚುಗೆ ಬಂತು. ಪಕ್ಕದ ಗಲ್ಲಿಯಿಂದ ಆರ್ಡರು ಬರಲಿಲ್ಲ. ಮಾಡಿದ ಸಾರು ಮೋರಿಗೆ ಹೋಯಿತು. ದೀಪಾವಳಿಗೆ ಮುಂಚೆ ಹೋಟೆಲು ಮುಚ್ಚಿತು. ಹದಿನಾಲ್ಕು ಜನ ಬೀದಿಗೆ ಬಿದ್ದೆವು. ಮರುವರ್ಷ ಒಬ್ಬ ಹಳೆಯ ಗಿರಾಕಿ ದಾರಿಯಲ್ಲಿ ಸಿಕ್ಕಿ, "ಅಲ್ಲ ಮಾರಾಯ, ನೀವು ಪಾರ್ಸೆಲ್ ಸುರು ಮಾಡಿದ್ದು ನಮಗೆ ಗೊತ್ತೇ ಆಗಲಿಲ್ಲವಲ್ಲ! ನಾವು ಮನೆಯಲ್ಲಿ ಬ್ರೆಡ್ಡು ತಿಂದುಕೊಂಡು ಕೂತಿದ್ದೆವು" ಎಂದರು. ಆ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ. ಒಲೆ ಇತ್ತು, ಕೈ ಇತ್ತು, ಹಸಿದ ಗಿರಾಕಿಯೂ ಇದ್ದ. ಅವನಿಗೆ ಸುದ್ದಿ ಮುಟ್ಟಿಸುವ ದಾರಿ ಇರಲಿಲ್ಲ.

ತಪ್ಪು ಎಲ್ಲಿ ಆಯಿತು? ಫೇಸ್‌ಬುಕ್, ಇನ್‌ಸ್ಟಾಗ್ರಾಂ ಎಂಬುವು ಪರರ ಗೋಡೆಗೆ ಹಾಕಿದ ಬೋರ್ಡು. ಅದನ್ನು ಯಾರಿಗೆ ತೋರಿಸಬೇಕು, ಯಾರಿಗೆ ತೋರಿಸಬಾರದು ಎಂಬುದನ್ನು ನಿಶ್ಚಯಿಸುವವನು ಗೋಡೆಯ ಮಾಲಿಕ. ಆ ಗೋಡೆ ಎಂದು ಬೀಳುವುದೆಂದು ನಮಗೆ ಗೊತ್ತಿರುವುದಿಲ್ಲ. 2020ರ ಜೂನ್ 29ರಂದು ಭಾರತ ಸರಕಾರ ಟಿಕ್‌ಟಾಕ್ ಸಹಿತ 59 ಚೀನೀ ಆಪ್‌ಗಳನ್ನು ನಿಷೇಧಿಸಿತು. ಸರಕಾರದ ಕಾರಣ ಏನೇ ಇರಲಿ, ಅದೊಂದನ್ನೇ ನಂಬಿ ಗಿರಾಕಿ ಕೂಡಿಸಿದವರ ಬೋರ್ಡು ಒಮ್ಮೆಲೇ ಹೋಯಿತು. 2021ರ ಅಕ್ಟೋಬರ್ 4ರ ರಾತ್ರಿ ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸಾಪ್ ಮೂರೂ ಸುಮಾರು ಆರು ತಾಸು ಒಟ್ಟಿಗೆ ನಿಂತುಹೋದುವು. ಮೂರಕ್ಕೂ ಒಬ್ಬನೇ ಧಣಿ. ಒಂದು ಕೈಕೊಟ್ಟರೆ ಮತ್ತೊಂದಿದೆ ಎನ್ನುವಂತಿರಲಿಲ್ಲ.

ಇ-ಮೇಲ್ ಹಾಗಲ್ಲ. ಅದು ಗಲ್ಲಾದ ಒಳಗಿರುವ ವಹಿಯಂತೆ. ಗಿರಾಕಿ ತಾನಾಗಿ ಒಪ್ಪಿ ಕೊಟ್ಟ ವಿಳಾಸಗಳ ಪಟ್ಟಿ ನಮ್ಮದು. ಒಂದು ಕಂಪೆನಿಯ ಇ-ಮೇಲ್ ಬೇಡವಾದರೆ ಅದೇ ಪಟ್ಟಿಯನ್ನು ಇನ್ನೊಂದಕ್ಕೆ ಒಯ್ಯಬಹುದು. "ಈಗ ಇ-ಮೇಲ್ ಯಾರು ಓದುತ್ತಾರೆ?" ಎಂದು ಕೇಳುವವರಿದ್ದಾರೆ. ಆಫೀಸಿನ ಗುಮಾಸ್ತರು ಬೆಳಿಗ್ಗೆ ಕುರ್ಚಿಯಲ್ಲಿ ಕೂತಕೂಡಲೇ ಮೊದಲು ತೆರೆಯುವುದು ಅದನ್ನೇ. ಮೀಟಿಂಗಿಗೆ ನಲ್ವತ್ತು ಪ್ಲೇಟ್ ಉಪ್ಪಿಟ್ಟು ಬೇಕಾದರೆ ಆರ್ಡರು, ಬಿಲ್ಲು ಅದರಲ್ಲೇ ಹೋಗುತ್ತದೆ. ಇಂಥ ದೊಡ್ಡ ಆರ್ಡರು ಬಂದ ದಿನ ಅಡಿಗೆಮನೆಯಲ್ಲಿ ಯಾರೂ ಕೈಕಟ್ಟಿ ಕೂರುವುದಿಲ್ಲ.

ಹಾಗೆಂದು ಬೋರ್ಡು ಬೇಡವೆಂದಲ್ಲ. ವಹಿ ಹೊಸ ಗಿರಾಕಿಯನ್ನು ಕರೆತರುವುದಿಲ್ಲ. ಬೋರ್ಡು ಹಳೆಯ ಗಿರಾಕಿಯನ್ನು ಉಳಿಸಿಕೊಳ್ಳುವುದಿಲ್ಲ. ಎರಡನ್ನೂ ಜೋಡಿಸಬೇಕು. ಇನ್‌ಸ್ಟಾಗ್ರಾಂನಲ್ಲಿ ನೀರುದೋಸೆಯ ಚಿತ್ರ ಹಾಕಿದಾಗ ಕೆಳಗೆ ಒಂದು ಮಾತು ಬರೆಯಿರಿ: "ವಾರದ ವಿಶೇಷ ತಿಂಡಿಯ ಸುದ್ದಿ ಬೇಕಾದವರು ಇ-ಮೇಲ್ ವಿಳಾಸ ಕೊಡಿರಿ." ಮೇಜಿನ ಮೇಲೆಯೂ ಒಂದು ಚೀಟಿ ಇಡಿರಿ. ವಾರಕ್ಕೆ ಒಂದೇ ಪತ್ರ. ಏಕಾದಶಿಯ ಫಲಾಹಾರ, ನವರಾತ್ರಿಯ ವಿಶೇಷ, ಹೋಟೆಲಿಗೆ ರಜೆ ಎಂದು, ಇಷ್ಟೇ. ಆ ಪತ್ರದ ಕೊನೆಗೆ ಇನ್‌ಸ್ಟಾಗ್ರಾಂ ಪುಟದ ವಿಳಾಸ ಹಾಕಿದರೆ ಹಳೆಯ ಗಿರಾಕಿ ಆ ಚಿತ್ರವನ್ನು ತನ್ನ ಸ್ನೇಹಿತರಿಗೆ ತೋರಿಸುತ್ತಾನೆ. ಖರ್ಚು ಹೆಚ್ಚಿಲ್ಲ. ಹಣ ಕೊಡದೆ ಬಳಸುವ ಜೀಮೇಲ್‌ನಿಂದಲೇ ದಿನಕ್ಕೆ 500 ವಿಳಾಸಗಳ ತನಕ ಕಳುಹಿಸಬಹುದು. ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದಂತೆ 'ಬಿಸಿಸಿ' ಎಂಬ ಸಾಲಿನಲ್ಲಿ ಹಾಕಬೇಕು. ಇದನ್ನು ಮರೆತರೆ ಮರ್ಯಾದೆ ಹೋಗುತ್ತದೆ.

ಮನೆಗೆ ಊಟ ಒಯ್ಯುವ ಕಂಪೆನಿಗಳ ವಿಷಯದಲ್ಲಿಯೂ ಜಗಳ ಇದೇ. 2021ರಲ್ಲಿ ರಾಷ್ಟ್ರೀಯ ರೆಸ್ಟೋರೆಂಟ್ ಸಂಘವು ಝೊಮ್ಯಾಟೊ, ಸ್ವಿಗ್ಗಿಗಳ ವಿರುದ್ಧ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. ಕಮಿಶನ್ ವಿಪರೀತ ಎಂಬುದರ ಜತೆಗೆ, ಊಟ ಮಾಡಿದವನು ಯಾರೆಂಬುದನ್ನೇ ಹೋಟೆಲಿಗೆ ತಿಳಿಸುವುದಿಲ್ಲ ಎಂಬುದೂ ಆ ದೂರಿನಲ್ಲಿತ್ತು. 2022ರ ಏಪ್ರಿಲಿನಲ್ಲಿ ಆಯೋಗ ಕೆಲವು ವಿಷಯಗಳ ಬಗ್ಗೆ ತನಿಖೆಗೆ ಅಪ್ಪಣೆ ಮಾಡಿತು. ದೊಡ್ಡ ಹೋಟೆಲುಗಳೇ ಗಿರಾಕಿಯ ಹೆಸರಿಗಾಗಿ ಇಷ್ಟು ಹೊಡೆದಾಡುವಾಗ, ಎದುರಿಗೆ ಕೂತು ತಿನ್ನುವವನ ಹೆಸರನ್ನು ನಾವು ಕೇಳದೇ ಬಿಡುವುದು ಬುದ್ಧಿವಂತಿಕೆಯಲ್ಲ.

ಆದರೆ ಸಿಕ್ಕಸಿಕ್ಕವರಿಗೆ ಪತ್ರ ಹಾಕಬಾರದು. 1978ರಲ್ಲಿ ಅಮೆರಿಕದ ಒಂದು ಕಂಪ್ಯೂಟರ್ ಕಂಪೆನಿಯವನು ಸುಮಾರು 400 ಮಂದಿಗೆ ಕೇಳದೆಯೇ ಜಾಹೀರಾತಿನ ಇ-ಮೇಲ್ ಕಳುಹಿಸಿದ. ಮಾಲೂ ಮಾರಿಹೋಯಿತು, ಬೈಗಳೂ ಬಂದುವು. ಬೈಗಳು ಇಂದಿಗೂ ನಿಂತಿಲ್ಲ. 2023ರಲ್ಲಿ ನಮ್ಮ ಸಂಸತ್ತು ಮಾಡಿದ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನಿನ ತಿರುಳೂ ಇದೇ: ಒಪ್ಪಿಗೆ ಕೇಳಿ ತೆಗೆದುಕೊಳ್ಳು, ಹೇಳಿದ ಕೆಲಸಕ್ಕೆ ಮಾತ್ರ ಬಳಸು, ಬೇಡವೆಂದರೆ ನಿಲ್ಲಿಸು. ವಿಳಾಸದ ಪಟ್ಟಿಯನ್ನು ಹಣಕ್ಕೆ ಮಾರುವವರಿದ್ದಾರೆ. ಅವರ ಹತ್ತಿರ ಹೋಗಬೇಡಿರಿ.

ಗಿರಣಿ ಬಂಧುಗಳಿಗೆ ಈ ಕಥೆ ಹೊಸದಲ್ಲ. ಗಿರಣಗಾಂವಿನಲ್ಲಿ ಗಿರಣಿ ಕಾರ್ಮಿಕರಿಗೆ ಅಡಿಗೆ ಮಾಡಿ ಹಾಕುತ್ತಿದ್ದ ಖಾನಾವಳಿಯ ಹೆಂಗಸರನ್ನು 1975ರಲ್ಲಿ ಪ್ರೇಮಾ ಪುರವ್ ಅವರು ಅನ್ನಪೂರ್ಣಾ ಮಹಿಳಾ ಮಂಡಲದಲ್ಲಿ ಒಗ್ಗೂಡಿಸಿದರು. 1982ರ ಮುಷ್ಕರ ಬಂದು ಕಾರ್ಮಿಕರು ಊರು ಸೇರಿದಾಗ ಎಷ್ಟೋ ಒಲೆಗಳಿಗೆ ಮೆಂಬರುಗಳೇ ಇಲ್ಲದಾದರು. ಗಿರಾಕಿ ಚದುರಿದರೆ ಅಡಿಗೆ ಎಷ್ಟು ರುಚಿಯಾಗಿದ್ದರೂ ಫಲವಿಲ್ಲ. ಇಂದು ನಿಮ್ಮ ಮನೆಗಳಲ್ಲಿ ಹಪ್ಪಳ, ಉಪ್ಪಿನಕಾಯಿ, ಚಕ್ಕುಲಿ ಮಾಡಿ ವಾಟ್ಸಾಪಿನಲ್ಲಿ ಮಾರುವ ತಾಯಂದಿರಿಗೂ ನನ್ನ ವಿನಂತಿ ಇದೇ: ಕೊಂಡವರ ಹೆಸರು, ವಿಳಾಸ ಒಂದು ಪುಸ್ತಕದಲ್ಲಿ ಬರೆದಿಡಿರಿ. ಮೊಬೈಲು ಕಳೆದರೂ ವ್ಯಾಪಾರ ಉಳಿಯುತ್ತದೆ.

ಇನ್ನು ನಮ್ಮ ಹಕ್ಕಿನ ಮಾತು. ಈಗ ಅನೇಕ ಕಡೆ ಧಣಿಗಳು ಈ ಕೆಲಸವನ್ನು ಚುರುಕಾದ ಒಬ್ಬ ಹುಡುಗನ ತಲೆಗೆ ಕಟ್ಟುತ್ತಾರೆ. ಹುಡುಗ ರಾತ್ರಿ ಮೇಜು ಒರೆಸಿದ ಮೇಲೆ, ತನ್ನದೇ ಮೊಬೈಲಿನಲ್ಲಿ, ತನ್ನದೇ ರೀಚಾರ್ಜಿನಲ್ಲಿ ಚಿತ್ರ ಹಾಕುತ್ತಾನೆ. ಇದು ಕೆಲಸವಲ್ಲವೇ? ಪಾತ್ರೆ ತೊಳೆದರೆ ಕೆಲಸ, ಪತ್ರ ಬರೆದರೆ ಆಟವೇ? ಆದುದರಿಂದ ನಾವು ಮೂರು ಮಾತು ಕೇಳಬೇಕು. ಒಂದು, ಈ ಕೆಲಸ ಡ್ಯೂಟಿಯ ವೇಳೆಯೊಳಗೆ ಆಗಬೇಕು. ಹೆಚ್ಚಿನ ಹೊತ್ತು ದುಡಿದರೆ ಹೆಚ್ಚಿನ ಪಗಾರ ಬೇಕು. ಎರಡು, ಮೊಬೈಲೂ ಖಾತೆಯೂ ಹೋಟೆಲಿನ ಹೆಸರಿನಲ್ಲಿರಬೇಕು. ಹುಡುಗ ಕೆಲಸ ಬಿಟ್ಟ ದಿನ ಜಗಳ ಬರಬಾರದು. ಮೂರು, ಕಲಿಯಲು ಮನಸ್ಸುಳ್ಳ ಪ್ರತಿಯೊಬ್ಬನಿಗೂ ಕಲಿಸಬೇಕು.

ಹಿಂದೆ ಇದೇ ಊರಿನ ಕನ್ನಡ ರಾತ್ರಿಶಾಲೆಗಳಲ್ಲಿ ಹೋಟೆಲು ಹುಡುಗರು ದಿನವಿಡೀ ದುಡಿದು, ನಿದ್ದೆಗಣ್ಣಿನಲ್ಲಿ ಅಕ್ಷರ ಕಲಿತರು; ಗುಮಾಸ್ತರಾದರು, ಕೆಲವರು ವಕೀಲರೂ ಆದರು. ಏಳನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಇ-ಮೇಲ್ ಕಳುಹಿಸಲು ಕಲಿತದ್ದು ಎರಡು ಸಂಜೆಗಳಲ್ಲಿ. ಸಂಘದ ಕೋಣೆಯಲ್ಲಿ ವಾರಕ್ಕೊಂದು ತಾಸು ಇದನ್ನು ಕಲಿಸುವ ಏರ್ಪಾಡಾಗಲಿ ಎಂದು ಮುಂದಿನ ಸಭೆಯಲ್ಲಿ ಠರಾವು ತರುವವನಿದ್ದೇನೆ. ಬಂಧುಗಳು ಬಂದು ಬೆಂಬಲಿಸಬೇಕು. ಹೋಟೆಲು ಮುಚ್ಚಿದ ದಿನ ಧಣಿಗಳಿಗೆ ಊರಲ್ಲಿ ಮನೆ ಇರುತ್ತದೆ, ತೋಟ ಇರುತ್ತದೆ. ನಮಗಿರುವುದು ಈ ಒಲೆ ಒಂದೇ.