ಇಂಗ್ಲಿಷ್ ಕಲಿಸಿದ ಕವಿಗಳು, ಕನ್ನಡ ಬಿಡುವ ಮನೆಗಳು

ನಮ್ಮ ಸದಸ್ಯ ಕುಟುಂಬಗಳಲ್ಲಿ ಮಗು ಕಿಂಡರ್‌ಗೆ ಸೇರುವ ಹೊತ್ತಿಗೆ ಒಂದು ಪ್ರಶ್ನೆ ತಪ್ಪದೆ ಎದುರಾಗುತ್ತದೆ: ಇನ್ನು ಮನೆಯಲ್ಲಿ ಕನ್ನಡವನ್ನು ಮುಂದುವರಿಸಬೇಕೇ, ಇಂಗ್ಲಿಷಿಗೆ ಬದಲಾಯಿಸಬೇಕೇ? ಮೆಲ್ಬರ್ನಿನ ಬಾಕ್ಸ್ ಹಿಲ್ ಆಗಲಿ, ಸಿಡ್ನಿಯ ವಾಯವ್ಯ ಅಂಚಿನಲ್ಲಿ ಹೊಸ ಮನೆಗಳೇಳುತ್ತಿರುವ ಅದೇ ಹೆಸರಿನ ಬಡಾವಣೆಯಾಗಲಿ, ಪ್ರಶ್ನೆ ಒಂದೇ. ಬಹಳಷ್ಟು ಮನೆಗಳಲ್ಲಿ ಇದಕ್ಕೆ ಉತ್ತರವನ್ನು ಯಾರೂ ನಿರ್ಧರಿಸುವುದಿಲ್ಲ. ಕನ್ನಡ ತಾನೇ ಮೆಲ್ಲಗೆ ಹಿಂದೆ ಸರಿಯುತ್ತದೆ. ಈ ವಿಷಯದಲ್ಲಿ ನಮಗೆ ಬುದ್ಧಿ ಹೇಳಬಲ್ಲವರು ಯಾರೆಂದು ಯೋಚಿಸಿದಾಗ ನನಗೆ ನೆನಪಾಗುವವರು ಇಂಗ್ಲಿಷ್ ಕಲಿಸುವುದನ್ನೇ ಜೀವನೋಪಾಯವಾಗಿಸಿಕೊಂಡಿದ್ದ ನಮ್ಮ ಕವಿಗಳು.

ಆಧುನಿಕ ಕನ್ನಡ ಕಾವ್ಯದ ಚರಿತ್ರೆಯಲ್ಲಿ ಇಂಗ್ಲಿಷ್ ಅಧ್ಯಾಪಕರದೇ ಒಂದು ಪರಂಪರೆಯಿದೆ. ಬಿ.ಎಂ. ಶ್ರೀಕಂಠಯ್ಯ, ವಿ.ಕೃ. ಗೋಕಾಕ, ಗೋಪಾಲಕೃಷ್ಣ ಅಡಿಗ, ಎ.ಕೆ. ರಾಮಾನುಜನ್ ಎಲ್ಲರೂ ಕಾಲೇಜುಗಳಲ್ಲಿ ಇಂಗ್ಲಿಷ್ ಪಾಠ ಹೇಳಿದವರು. ಇಂಗ್ಲಿಷ್ ಪರಭಾಷೆಯಾಗಿದ್ದ ವಿದ್ಯಾರ್ಥಿಗಳಿಗೆ ಅದನ್ನು ಕಲಿಸುತ್ತ, ತಮ್ಮ ಕವಿತೆಯನ್ನು ಕನ್ನಡದಲ್ಲಿ ಬರೆದವರು. ಇವರಿಗೆ ಮಾದರಿಯಾದವರು ಬಿ.ಎಂ.ಶ್ರೀ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಅವರು 1911ರಲ್ಲಿ ಧಾರವಾಡದಲ್ಲಿ ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ನೀಡಿದರು. 1926ರಲ್ಲಿ 'ಇಂಗ್ಲಿಷ್ ಗೀತಗಳು' ಪ್ರಕಟವಾಯಿತು. ತರಗತಿಯಲ್ಲಿ ಪಾಠ ಹೇಳುತ್ತಿದ್ದ ಆಂಗ್ಲ ಕವಿಗಳು ಆ ಪುಸ್ತಕದಲ್ಲಿ ಹೊಸ ಛಂದಸ್ಸಿನೊಡನೆ ಕನ್ನಡಕ್ಕೆ ಬಂದರು. ಮುಂದೆ ನವೋದಯ ಕಾವ್ಯವೆಂದು ಹೆಸರಾದ ಬೆಳೆಗೆ ಅದು ನೆಲ ಹದಮಾಡಿಕೊಟ್ಟಿತು.

ಕಾಲೇಜಿನ ಪ್ರಾಧ್ಯಾಪಕರ ಮಾತು ನಮಗೆ ದೂರವೆನಿಸಿದರೆ ಸು.ರಂ. ಎಕ್ಕುಂಡಿಯವರನ್ನು ನೋಡಬಹುದು. 1923ರಲ್ಲಿ ಹುಟ್ಟಿದ ಎಕ್ಕುಂಡಿ ಉತ್ತರ ಕನ್ನಡ ಜಿಲ್ಲೆಯ ಗೋಕರ್ಣದ ಬಳಿಯ ಬಂಕಿಕೊಡ್ಲದ ಪ್ರೌಢಶಾಲೆಯಲ್ಲಿ ಸುಮಾರು ಮೂರು ದಶಕಗಳ ಕಾಲ ಇಂಗ್ಲಿಷ್ ಮಾಸ್ತರರಾಗಿದ್ದರು. ಆ ಕರಾವಳಿಯ ಸೀಮೆಯಲ್ಲಿ ಹವ್ಯಕ ಕನ್ನಡ, ಹಾಲಕ್ಕಿ ಕನ್ನಡ, ಕೊಂಕಣಿ ಎಂದು ಮನೆಮಾತುಗಳು ಹಲವು. ಇಂಗ್ಲಿಷ್ ಯಾವ ಮನೆಯ ಮಾತೂ ಅಲ್ಲ. ಅಂಥ ಊರಿನ ಮಕ್ಕಳಿಗೆ ವರ್ಷವರ್ಷವೂ ಇಂಗ್ಲಿಷ್ ಕಲಿಸಿದ ಈ ಮಾಸ್ತರರು ಕನ್ನಡದಲ್ಲಿ ಕಥನಕವನವನ್ನು ತಮ್ಮದೇ ದಾರಿಯಾಗಿ ಮಾಡಿಕೊಂಡರು. ಅವರ 'ಬಕುಲದ ಹೂವುಗಳು' ಸಂಕಲನಕ್ಕೆ 1992ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. 1995ರಲ್ಲಿ ಅವರು ತೀರಿಕೊಂಡರು. ದೊಡ್ಡ ಹುದ್ದೆ, ವಿದೇಶದ ಪದವಿ ಯಾವುದೂ ಇಲ್ಲದ ಬದುಕು ಅದು. ಆದರೆ ಎರಡು ಭಾಷೆಗಳಿಗೆ ಒಂದೇ ಮನಸ್ಸಿನಲ್ಲಿ ಜಗಳವಿಲ್ಲದೆ ಎಡೆಯುಂಟು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ.

ಇಂಗ್ಲಿಷಿನ ಬೆಲೆಯನ್ನು ಇವರಿಗಿಂತ ಚೆನ್ನಾಗಿ ಬಲ್ಲವರು ಯಾರು? ಆದರೂ ಇಂಗ್ಲಿಷಿಗಾಗಿ ಕನ್ನಡವನ್ನು ತೆರವು ಮಾಡಬೇಕೆಂದು ಅವರಿಗೆ ಅನಿಸಲಿಲ್ಲ. ಒಂದರಿಂದ ಇನ್ನೊಂದನ್ನು ಪೋಷಿಸಿದರು. ನಾವಾದರೋ ಭಾಷೆಗಳನ್ನು ಒಂದೇ ಪಾತ್ರೆಯಲ್ಲಿನ ನೀರಿನಂತೆ ಭಾವಿಸುತ್ತೇವೆ. ಕನ್ನಡ ಹೆಚ್ಚಾದರೆ ಇಂಗ್ಲಿಷಿಗೆ ಸ್ಥಳ ಸಾಲದೆಂದು ಹೆದರುತ್ತೇವೆ.

ಈ ಹೆದರಿಕೆಗೆ ವೈದ್ಯಶಾಸ್ತ್ರದ ಬೆಂಬಲವಿಲ್ಲ. ಎರಡು ಭಾಷೆಗಳನ್ನು ಕೇಳುತ್ತ ಬೆಳೆಯುವುದರಿಂದ ಮಗುವಿನ ಮಾತು ತಡವಾಗುವುದಿಲ್ಲ. ಅಂಥ ಮಗುವಿಗೆ ಒಂದೊಂದು ಭಾಷೆಯಲ್ಲಿ ಪದಗಳು ಕಡಿಮೆಯೆಂದು ತೋರಬಹುದು, ಆದರೆ ಎರಡನ್ನೂ ಕೂಡಿಸಿಯೇ ಎಣಿಸಬೇಕು. "ಅಮ್ಮ, ಮಿಲ್ಕ್ ಬೇಕು" ಎನ್ನುವ ಮಗು ಗೊಂದಲಕ್ಕೆ ಸಿಕ್ಕಿಲ್ಲ, ತನ್ನಲ್ಲಿರುವ ಎಲ್ಲ ಪದಗಳನ್ನೂ ಬಳಸುತ್ತಿದೆ. ಕಿಂಡರ್ ಸೇರಿದ ಮೊದಲ ಕೆಲವು ವಾರ ಅಥವಾ ತಿಂಗಳು ಅಲ್ಲಿ ಮೌನವಾಗಿರುವುದೂ ಅನೇಕ ಮಕ್ಕಳಲ್ಲಿ ಸಹಜ. ಕೇಳುತ್ತ ಕಲಿಯುವ ಕಾಲ ಅದು.

ಇದರರ್ಥ ಮಾತು ತಡವಾದಾಗ ಸುಮ್ಮನಿರಬೇಕೆಂದಲ್ಲ. ಒಂದೂವರೆ ವರ್ಷವಾದರೂ ಯಾವ ಭಾಷೆಯಲ್ಲೂ ಪದಗಳಿಲ್ಲದಿದ್ದರೆ, ಎರಡು ವರ್ಷಕ್ಕೆ ಎರಡು ಪದ ಜೋಡಿಸದಿದ್ದರೆ, ಬಂದ ಮಾತು ಯಾವ ವಯಸ್ಸಿನಲ್ಲೇ ಆಗಲಿ ನಿಂತುಹೋದರೆ, ಜಿಪಿ ಅಥವಾ ಮಕ್ಕಳ ಆರೋಗ್ಯದ ನರ್ಸ್ ಅವರನ್ನು ಕೂಡಲೇ ಕಾಣಬೇಕು. ಶ್ರವಣ ಪರೀಕ್ಷೆಯಾಗಬೇಕು, ಅಗತ್ಯವಿದ್ದರೆ ಸ್ಪೀಚ್ ಪೆಥಾಲಜಿಸ್ಟ್ ನೋಡಬೇಕು. ಮಗುವಿಗೆ ಗೊತ್ತಿರುವ ಕನ್ನಡ ಪದಗಳ ಪಟ್ಟಿಯನ್ನು ಬರೆದು ಅವರಿಗೆ ಕೊಡಿ. "ಎರಡು ಭಾಷೆ ಇರುವುದರಿಂದ ಹೀಗೆ" ಎಂದು ಕಾಯುವುದೂ ತಪ್ಪು, ಕನ್ನಡ ನಿಲ್ಲಿಸುವುದೇ ಚಿಕಿತ್ಸೆಯೆಂದು ತಿಳಿಯುವುದೂ ತಪ್ಪು.

"ಇಂಗ್ಲಿಷಿನಲ್ಲಿ ಹಿಂದೆ ಬಿದ್ದರೆ ಶಾಲೆಯಲ್ಲಿ ಯಾರು ನೋಡಿಕೊಳ್ಳುತ್ತಾರೆ?" ಎಂಬ ಪೋಷಕರ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಈ ದೇಶದಲ್ಲಿ ಇಂಗ್ಲಿಷ್ ಶಾಲೆಯಲ್ಲಿದೆ, ಆಟದ ಮೈದಾನದಲ್ಲಿದೆ, ಟಿವಿಯಲ್ಲಿದೆ, ಬಸ್ಸಿನಲ್ಲಿದೆ. ಕನ್ನಡಕ್ಕೆ ಇರುವುದು ಮನೆಯೊಂದೇ. ನಾವು ಮನೆಯಲ್ಲಿ ನಿಲ್ಲಿಸಿದ್ದನ್ನು ಹೊರಗೆ ಯಾರೂ ಕಲಿಸಿಕೊಡುವುದಿಲ್ಲ. ಮೆಲ್ಬರ್ನಿನ ಬಾಕ್ಸ್ ಹಿಲ್‌ನ ಅಂಗಡಿಬೀದಿಯಲ್ಲಿ ನಡೆದರೆ ಚೀನೀ ಅಕ್ಷರದ ಫಲಕಗಳು ಸಾಲುಗಟ್ಟಿವೆ. ಅಷ್ಟು ದೊಡ್ಡ ಸಮುದಾಯದ ಬಲ ನಮಗಿಲ್ಲವಾದ್ದರಿಂದ ಮನೆಯ ಹೊಣೆ ಇನ್ನೂ ಹೆಚ್ಚು.

ಇನ್ನೊಂದು ತುದಿಯಲ್ಲಿ ನಮ್ಮ ಹಿರಿಯರಿದ್ದಾರೆ. ಇಲ್ಲಿ ಖಾಯಂ ನೆಲೆಸಲು ಬಂದ ವಯಸ್ಕರಿಗೆ ಇಂಗ್ಲಿಷ್ ಕಲಿಸುವ ಸರ್ಕಾರಿ ಯೋಜನೆ, ಅಡಲ್ಟ್ ಮೈಗ್ರಂಟ್ ಇಂಗ್ಲಿಷ್ ಪ್ರೋಗ್ರಾಂ, 1948ರಿಂದ ನಡೆದಿದೆ. ಅರ್ಹತೆಯುಳ್ಳ ಅಜ್ಜ, ಅಜ್ಜಿಯರು ಅದಕ್ಕೆ ಸೇರಲೆಂದು ನಾನು ಸದಾ ಹೇಳುತ್ತೇನೆ. ಔಷಧದ ಚೀಟಿ ಓದುವುದಕ್ಕೆ, ಒಬ್ಬರೇ ರೈಲು ಹತ್ತುವುದಕ್ಕೆ ಆ ಕಲಿಕೆ ಬಲ ಕೊಡುತ್ತದೆ. ಆದರೆ ಮರೆವಿನ ಕಾಯಿಲೆ ಬಂದಾಗ ತಡವಾಗಿ ಕಲಿತ ಭಾಷೆ ಎಷ್ಟೋ ಜನರಲ್ಲಿ ಮೊದಲು ಕಳಚಿಹೋಗುತ್ತದೆ. ಬಾಲ್ಯದ ಭಾಷೆ ಉಳಿಯುತ್ತದೆ. ನಮ್ಮಲ್ಲಿ ಕೆಲವರಿಗೂ ಒಂದು ದಿನ ಕನ್ನಡವೊಂದೇ ಉಳಿದೀತು. ಆಗ ನೋವಾಗುತ್ತಿರುವುದೆಲ್ಲಿ ಎಂದು ಕೇಳಲು, ಹೇಳಿದ್ದನ್ನು ಅರ್ಥಮಾಡಿಕೊಳ್ಳಲು ಮಗನಿಗೋ ಮೊಮ್ಮಗಳಿಗೋ ಆ ಭಾಷೆ ಬರಬೇಕಲ್ಲವೇ?

ಆದ್ದರಿಂದ ನನ್ನ ವಿನಂತಿ ಸರಳ. ದಿನದ ಒಂದು ಊಟದ ಹೊತ್ತನ್ನಾದರೂ ಪೂರ್ತಿ ಕನ್ನಡಕ್ಕೆ ಮೀಸಲಿಡಿ. ಮಗು ಇಂಗ್ಲಿಷಿನಲ್ಲಿ ಉತ್ತರಿಸಿದರೆ ಗದರಿಸಬೇಡಿ, ನೀವು ಕನ್ನಡದಲ್ಲೇ ಮುಂದುವರಿಸಿ. ಶಾಲೆಯಲ್ಲಿ ಓದಿದ ಇಂಗ್ಲಿಷ್ ಕತೆಯನ್ನು ಅಜ್ಜಿಗೆ ಕನ್ನಡದಲ್ಲಿ ಹೇಳಲು ಬಿಡಿ, ಬಿ.ಎಂ.ಶ್ರೀ. ದೊಡ್ಡ ಪ್ರಮಾಣದಲ್ಲಿ ಮಾಡಿದ್ದು ಇದನ್ನೇ. ಇಂಗ್ಲಿಷ್ ಕಲಿಸಲು ಈ ದೇಶದಲ್ಲಿ ಸಾವಿರ ಮಂದಿ ಇದ್ದಾರೆ. ನಿಮ್ಮ ಮಗುವಿಗೆ ಕನ್ನಡದ ಮೊದಲ ಗುರುಗಳು ನೀವು ಮಾತ್ರ.