‘ಸರಿಯಾಗಿ ಹೇಳು’ ಎನ್ನುವ ಮೊದಲು

ಬೋಧನಾಭ್ಯಾಸದ ಮೇಲ್ವಿಚಾರಣೆಗೆಂದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ತಾಲ್ಲೂಕುಗಳ ಅಂಗನವಾಡಿ, ಎಲ್‌ಕೆಜಿಗಳಲ್ಲಿ ಕೂತಾಗ ಒಂದು ಮಾತು ಪದೇಪದೇ ಕಿವಿಗೆ ಬೀಳುತ್ತದೆ: ‘ಹಾಗಲ್ಲ, ಸರಿಯಾಗಿ ಹೇಳು.’ ಪ್ರಶಿಕ್ಷಣಾರ್ಥಿಗಳು ಈ ಮಾತನ್ನು ಕೈಬಿಡಬೇಕು ಎಂಬುದು ನನ್ನ ಅಭಿಪ್ರಾಯ. ಎರಡು ಬೇರೆ ಬೇರೆ ಸಂಗತಿಗಳನ್ನು ಅದು ಒಟ್ಟಿಗೆ ‘ತಪ್ಪು’ ಎಂದುಬಿಡುತ್ತದೆ.

ಮೊದಲನೆಯದು, ಬೆಳೆಯುತ್ತಿರುವ ವ್ಯಾಕರಣ. ಮೂರು ವರ್ಷದ ಮಗು ‘ಅಣ್ಣ ಚೆಂಡು ಕೊಡ್ದ’ ಎನ್ನುತ್ತದೆ ಎನ್ನಿ. ಮನೆಯ ದೊಡ್ಡವರು ಯಾರೂ ಹಾಗೆನ್ನುವುದಿಲ್ಲ. ‘ಮಾಡ್ದ’, ‘ಓಡ್ದ’, ‘ಹಾಡ್ದ’ಗಳಿಂದ ಭೂತಕಾಲದ ನಿಯಮವನ್ನು ಮಗು ತಾನೇ ಕಂಡುಕೊಂಡು ‘ಕೊಡು’ವಿಗೂ ಹಚ್ಚಿದೆ. 1958ರಲ್ಲಿ ಜೀನ್ ಬರ್ಕೊ ಇಂಗ್ಲಿಷ್ ಮಕ್ಕಳಿಗೆ ಅರ್ಥವಿಲ್ಲದ ಹೊಸ ಪದಗಳನ್ನು ಕೊಟ್ಟು ನೋಡಿದಾಗಲೂ, ಎಂದೂ ಕೇಳದ ಆ ಪದಗಳಿಗೆ ಅವರು ಬಹುವಚನ, ಭೂತಕಾಲದ ಪ್ರತ್ಯಯ ಸೇರಿಸಿದ್ದರು. ಇದು ಕಲಿಕೆಯ ಗುರುತು.

ಎರಡನೆಯದು, ಊರಿನ ವ್ಯಾಕರಣ. ‘ಅಪ್ಪ ಬಂದವ್ನೆ’, ‘ಅವ್ವ ಬಂದವ್ಳೆ’, ‘ಬಸ್ಸು ಬಂದೈತೆ’: ಲಿಂಗಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗಿದೆ. ‘ಬಂದಿದ್ದಾನೆ’ಗೆ ಇರುವಷ್ಟೇ ಕಟ್ಟು ಇದಕ್ಕೂ ಇದೆ. ‘ಕೊಡ್ದ’ ದಿನ ಕಳೆದಂತೆ ತಾನೇ ‘ಕೊಟ್ಟ’ ಆಗುತ್ತದೆ; ‘ಬಂದವ್ನೆ’ ಬದಲಾಗಬೇಕಾಗಿಯೇ ಇಲ್ಲ. ಅದನ್ನು ತಪ್ಪೆಂದರೆ ಅವ್ವನ ಮಾತೇ ತಪ್ಪೆಂದ ಹಾಗೆ. ಎರಡು ಸಲ ತಡೆಸಿಕೊಂಡ ಮಗು ಮೂರನೆಯ ಸಲ ಬಾಯಿ ತೆರೆಯಲು ಹಿಂಜರಿಯುತ್ತದೆ. ಮಾತೇ ಆಡದಿದ್ದರೆ ವ್ಯಾಕರಣ ಬೆಳೆಯುವುದೆಲ್ಲಿ?

‘ಒಂದನೇ ತರಗತಿಗೆ ಪುಸ್ತಕದ ಕನ್ನಡ ಬೇಡವೇ?’ ಎಂದು ಕೇಳುವವರಿದ್ದಾರೆ. ಖಂಡಿತ ಬೇಕು. ಕಥೆ ಓದಿ ಹೇಳುವಾಗ ಅದು ದಿನವೂ ಕಿವಿಗೆ ಬೀಳಲಿ. ಮನೆಮಾತಿನ ಜೊತೆಗೆ ಅದು ಸೇರಿಕೊಳ್ಳಬೇಕೇ ಹೊರತು ಮನೆಮಾತನ್ನು ಅಳಿಸಿ ಬರಬೇಕಿಲ್ಲ.

ಹಾಗಾದರೆ ತರಗತಿಯಲ್ಲಿ ಮಾಡುವುದೇನು? ಮಗು ‘ಕೊಡ್ದ’ ಎಂದರೆ ‘ಹೌದಾ, ಅಣ್ಣ ಕೊಟ್ನಾ? ಆಮೇಲೆ?’ ಎಂದು ಮಾತು ಮುಂದುವರಿಸಿ. ಸರಿ ರೂಪ ಕಿವಿಗೆ ಬಿತ್ತು, ಮಾತೂ ನಿಲ್ಲಲಿಲ್ಲ. ಚನ್ನಪಟ್ಟಣದ ಬೊಂಬೆಗಳನ್ನು ಸಾಲಾಗಿ ನಿಲ್ಲಿಸಿ ಬೀಳಿಸಿ: ರಾಜ ಬಿದ್ದ, ರಾಣಿ ಬಿದ್ಲು, ಎತ್ತು ಬಿತ್ತು. ಉರ್ದು ಮನೆಮಾತಿನ ಮಕ್ಕಳಿಗೆ ಈ ಆಟ ಇನ್ನೂ ಮುಖ್ಯ. ಉರ್ದುವಿನಲ್ಲಿ ಎರಡೇ ಲಿಂಗ, ನಪುಂಸಕಲಿಂಗ ಅವರಿಗೆ ಹೊಸದು.

ಕೊನೆಯದಾಗಿ, ನಮ್ಮ ವೀಕ್ಷಣಾ ಪುಸ್ತಕಗಳಲ್ಲಿ ‘ಉಚ್ಚಾರಣೆ ಸರಿಯಿಲ್ಲ, ವ್ಯಾಕರಣ ತಪ್ಪು’ ಎಂಬ ಷರಾ ಸಾಕು. ಮಗು ಆಡಿದ ವಾಕ್ಯವನ್ನು ಆಡಿದ ಹಾಗೇ ಬರೆಯಿರಿ. ಪಕ್ಕದಲ್ಲಿ, ಅದರಲ್ಲಿ ಕಂಡ ನಿಯಮ ಯಾವುದು ಎಂದು ಬರೆಯಿರಿ. ಅಂಕ ಕೊಡುವ ನಾವೂ ಅದನ್ನೇ ನೋಡೋಣ.